ಅರ್ಥ ಬೇಡ, ಛಂದಸ್ಸು ಸಾಕು

ನಗುವಂಥದ್ದು ಏನಾದರೂ ನಡೆಯಲಿ ಎಂದು ನಾನು ಯಾವತ್ತೂ ದಾರಿ ಕಾದವಳಲ್ಲ. ಆದರೆ ಹಳೇ ಹುಬ್ಬಳ್ಳಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಷ್ಟು ಕಾಲ ಅಂಥ ಪ್ರಸಂಗಗಳು ನನ್ನ ಬೆನ್ನು ಬಿಡಲಿಲ್ಲ. ನನ್ನನ್ನು ಬೈಯಲೆಂದೇ ಮುಖ ಬಿಗಿದುಕೊಂಡು ಬಂದವರು ಕೂಡ ಏನಾದರೊಂದು ಮಾಡಿ ನಗಿಸಿಯೇ ಹೋಗುತ್ತಿದ್ದರು. ಅದರಲ್ಲೂ ಒಂದು ಮಳೆಗಾಲ, ಬರೀ ನಾಲ್ಕು ಸಾಲಿನ ಪ್ರೇಮಪದ್ಯವೊಂದರ ಸಲುವಾಗಿ ನಡೆದದ್ದನ್ನು ನೆನೆಸಿದರೆ ಈಗಲೂ ನನಗೆ ಅರ್ಧ ಸಿಟ್ಟು, ಅರ್ಧ ನಗು.

ಹುಕುಂ

ಅದು ಮುಂಬಯಿ ಸರಕಾರದ ಕಾಲ. ಹೊಸ ಕನ್ನಡ ಪುಸ್ತಕ ಬಂದಿತ್ತು. ಅದರ ನಡುವೆ ಎಲ್ಲೋ, ನೀತಿಪದ್ಯ, ಗೋವಿನ ಉಪಕಾರ ಇವುಗಳ ಮಧ್ಯೆ, ಹೆಸರಿಲ್ಲದ ಕವಿಯೊಬ್ಬರ ಪದ್ಯ ಅಡಗಿ ಕೂತಿತ್ತು. ಹಿರಿಯ ತರಗತಿಯ ಹುಡುಗಿಯರ ಮುಂದೆ ನಾನು ಗಟ್ಟಿಯಾಗಿ ಓದಿದೆ:

ನಿನ್ನ ಹೆಜ್ಜೆ ಬಾಗಿಲಾಚೆ ನಿಂತು ಹೋಯಿತೇನು
ನನ್ನ ಎದೆಯ ಬಡಿತವೊಂದು ಅಲ್ಲೆ ಕುಂತಿತೇನು
ತೆರೆಯಲೇನು ಕದವ ನಾನು, ತೆರೆಯಲೇಕೆ ಹೇಳು

ನಾಲ್ಕನೆಯ ಸಾಲು ಓದಲು ಆಗಲಿಲ್ಲ. ಬಾಗಿಲಲ್ಲಿ ನಮ್ಮ ಸಾಲೆಯ ಮಂಡಳಿಯ ಅಧ್ಯಕ್ಷರು ನಿಂತಿದ್ದರು. ನೂಲಿನ ದೊಡ್ಡ ವ್ಯಾಪಾರಿ, ತಲೆಯ ಮೇಲೆ ರುಮಾಲು, ಮಳೆ ಇರಲಿ ಬಿಡಲಿ ಕೈಯಲ್ಲಿ ಮಡಚಿದ ಛತ್ರಿ. ಬಜಾರದಲ್ಲಿ ಅವರು ಕೆಮ್ಮಿದರೆ ಗುಮಾಸ್ತರು ಎದ್ದು ನಿಲ್ಲುತ್ತಾರೆಂದು ಮಾತಿತ್ತು.

"ಇದೇನ್ರೀ ಅಕ್ಕಾರ, ಹೆಣ್ಣಮಗಳು ಕದಾ ತೆರಿಯೂ ಸುದ್ದಿ?" ಎಂದರು.

"ಪದ್ಯರಿ."

"ಹೊರಗ ನಿಂತ ಗಂಡಸು ಮಾತಾಡಿದ್ರ ತಡ್ಕೋಬಹುದು. ಒಳಗ ನಿಂತಾಕಿ ಯಾಕ ಮಾತಾಡ್ತಾಳ?"

"ಕದಾ ಅಕಿ ಕೈಯಾಗ ಐತೆಲ್ರಿ."

ಆ ಉತ್ತರ ಅವರಿಗೆ ಹಿಡಿಸಲಿಲ್ಲ. ಛತ್ರಿಯ ತುದಿಯನ್ನು ನನ್ನತ್ತ ತಿರುಗಿಸಿ, "ನಿಮಗರೆ ಇನ್ನೂ ಲಗ್ನ ಆಗಿಲ್ಲ. ಲಗ್ನ ಆಗದಾಕಿ ಪ್ರೇಮದ ಪದ್ಯ ಹೆಂಗ ಕಲಸ್ತೀರಿ?" ಎಂದರು.

"ಹ್ವಾದ ವರ್ಷ ಯುದ್ಧದ ಪದ್ಯ ಕಲಿಸಿದೆ. ನಾ ಯಾವ ರಣರಂಗಕ್ಕ ಹೋಗಿದ್ನಿರಿ? ಅದರ ಹಿಂದಿನ ವರ್ಷ ಸ್ವರ್ಗದ ವರ್ಣನಿ ಕಲಿಸಿದೆ. ಸತ್ತು ಬಂದಿದ್ನೇನ್ರಿ?"

ಹುಡುಗಿಯರು ಬಾಯಿಗೆ ಸೆರಗು ಒತ್ತಿಕೊಂಡರು. ಮರುದಿನವೇ ಹುಕುಂ ಬಂತು. ಪದ್ಯದ ಅರ್ಥ ಹೇಳಕೂಡದು, ಹಲಗೆಯ ಮೇಲೆ ಅದರ ಮಾತು ಬರೆಯಕೂಡದು, ಬಾಯಿಂದ ಅನ್ನಿಸಕೂಡದು. ಪರೀಕ್ಷೆಗೆ ಬೇಕಾದರೆ ಛಂದಸ್ಸು ಮಾತ್ರ ಕಲಿಸಬಹುದು. ಕೆಲವು ದಿನ ಬಿಟ್ಟು ಮಂಡಳಿ ಬಂದು ನೋಡುತ್ತದೆ, ಒಬ್ಬಳೇ ಒಬ್ಬ ಹುಡುಗಿ ಅರ್ಥ ಹೇಳಿದರೂ ಪುಟ ಹರಿಯುತ್ತದೆ, ನಾನು ಮನೆಯ ಹಾದಿ ಹಿಡಿಯಬೇಕು.

ಮನೆಯಲ್ಲಿ ನನಗಾಗಿ ಏನು ಕಾದಿತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮಣ್ಣ ಒಬ್ಬ ಎರಡನೆಯ ಸಂಬಂಧದ ವರನನ್ನು ನೋಡಿ ಇಟ್ಟಿದ್ದ. ನೌಕರಿ ಇರುವ ತನಕ ನಾನು ಒಲ್ಲೆ ಅನ್ನಬಹುದಾಗಿತ್ತು. ನೌಕರಿ ಹೋದ ದಿನ ನನ್ನ ಕದವನ್ನು ಬೇರೆಯವರು ತೆರೆಯುತ್ತಿದ್ದರು. ಆ ಪದ್ಯದವಳ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದೂ, ಅದನ್ನು ಬಿಟ್ಟುಕೊಡುವುದಿಲ್ಲವೆಂದು ಹಟ ಹಿಡಿದದ್ದೂ ಅದಕ್ಕೇ.

ಹುಕುಂ ತಂದವರು ಹಿರಿಯ ಅಕ್ಕೋರು. ಸಾಲೆಯ ಮುಖ್ಯೋಪಾಧ್ಯಾಯಿನಿಯನ್ನು ನಾವು ಕರೆಯುತ್ತಿದ್ದದ್ದು ಹಾಗೆ. "ಛಂದಸ್ಸಿಗೆ ಯಾಕ ಒಪ್ಪಿದ್ರು?" ಎಂದು ಕೇಳಿದೆ.

"ಅದು ಲೆಕ್ಕ ಅಂದ್ರು. ಲೆಕ್ಕದಿಂದ ಯಾರೂ ಕೆಟ್ಟಿಲ್ಲ ಅಂದ್ರು."

ಅಧ್ಯಕ್ಷರು ಛಂದಸ್ಸು ಓದಿಲ್ಲವೆಂಬುದು ಅಲ್ಲಿಗೆ ಖಾತ್ರಿಯಾಯಿತು.

ಅಂಟು

ಪುಸ್ತಕದ ಆ ಪುಟದ ಮೇಲೆ ಬಿಳಿ ಕಾಗದ ಹಚ್ಚಬೇಕೆಂದೂ ತೀರ್ಮಾನವಾಗಿತ್ತು. ಹಿರಿಯ ಅಕ್ಕೋರು ತರಗತಿಗೆ ಬಂದು ಗಂಭೀರವಾಗಿ ಹೇಳಿದರು: "ನಾಳಿ ಮುಂಜಾನೆ ಎಲ್ಲಾರೂ ಪುಸ್ತಕ ತರ್ರಿ. ಆ ಪದ್ಯದ ಮ್ಯಾಲೆ ಕಾಗದ ಹಚ್ಚೂದೈತಿ. ಅದನ್ನ ಯಾರೂ ಓದಬಾರದು."

ನಾಳೆ ಅಂದರಲ್ಲ, ಅಲ್ಲೇ ಎಡವಿದರು. ನಾನು ತಿಂಗಳುಗಟ್ಟಲೆ ಗಂಟಲು ಹರಿದುಕೊಂಡರೂ ಒಂದು ನೀತಿಪದ್ಯ ಬಾಯಿಗೆ ಬಾರದ ಹುಡುಗಿಯರು ಅವತ್ತು ಮನೆಗೆ ಹೋಗಿ, ಕೈಕಾಲು ತೊಳೆಯದೆ, ನಾಲ್ಕೂ ಸಾಲು ಬಾಯಿಪಾಠ ಮಾಡಿದರು. ಅಧ್ಯಕ್ಷರ ಮೊಮ್ಮಗಳೂ ಅದೇ ತರಗತಿಯಲ್ಲಿದ್ದಳು. ಅವಳು ಜೋಳ ಹಸನು ಮಾಡುತ್ತ ಕೂತ ಅಜ್ಜಿಯ ಎದುರಿಗೇ ಕೂತು, ಅಜ್ಜಿ ತಪ್ಪು ತಿದ್ದುವ ತನಕ ಒಪ್ಪಿಸಿದಳಂತೆ.

ಮರುದಿನ ಹಿಟ್ಟಿನ ಅಂಟು ಕಾಸಿ ತಂದದ್ದಾಯಿತು. ಇಂಥ ಕೆಲಸಕ್ಕೆ ಹುಡುಗಿಯರು ಮುಖ ಗಂಟಿಕ್ಕಿಕೊಳ್ಳಬಹುದೆಂದು ಹಿರಿಯ ಅಕ್ಕೋರಿಗೆ ಭಯವಿತ್ತು. ಅವರೋ ಹಬ್ಬಕ್ಕೆ ಬಾಗಿಲು ಸಾರಿಸುವವರಂತೆ ನಗುನಗುತ್ತ ಕಾಗದ ಹಚ್ಚಿದರು. ಎಲ್ಲ ಮುಗಿದ ಮೇಲೆ ಹಿಂದಿನ ಸಾಲಿನ ಒಬ್ಬಳು ಎದ್ದು ನಿಂತಳು.

"ಅಕ್ಕಾರ, ಇತಿಹಾಸದ ಪುಸ್ತಕಕ್ಕೂ ಕಾಗದ ಹಚ್ಚಸ್ರಲಾ. ಅದೂ ಲಗೂ ಬಾಯಿಗೆ ಬರ್ತೈತಿ."

ಚಾಚಾನ ಸಾಲು

ಮಾತು ಬರೆಯಬಾರದಲ್ಲ, ನಾನು ಹಲಗೆಯ ಮೇಲೆ ಗುರು ಲಘುವಿನ ಗುರುತು ಮಾತ್ರ ಬರೆದೆ. ಎಳೆದು ಹೇಳುವ ಗುರುವಿಗೆ ಒಂದು ಅಡ್ಡಗೀಟು, ಗಿಡ್ಡ ಲಘುವಿಗೆ ಒಂದು ಬಟ್ಟಲು. ಗುರುವಿಗೆ ಅಂಗೈ, ಲಘುವಿಗೆ ಒಂದು ಬೆರಳು. ಹೀಗೆ ಇಡೀ ತರಗತಿ ಬಾಯಿ ಮುಚ್ಚಿಕೊಂಡು ಬೆಂಚುಗಳ ಮೇಲೆ ಪದ್ಯವನ್ನು ಬಡಿಯತೊಡಗಿತು.

ಆ ಪದ್ಯ ಮೂರು ಮೂರು ಮಾತ್ರೆಯ ನಡಿಗೆಯದು. "ನಾಲ್ಕು ಮಾತ್ರಿ ಇದ್ರ ಮಂಚದಂಗ ಊರಿ ನಿಲ್ತೈತಿ," ಎಂದೆ. "ಮೂರು ಮಾತ್ರಿ ನಿಲ್ಲಾಂಗಿಲ್ಲ. ಒಂದ ಕಾಲು ಎತ್ತಿದಂಗ ಇರ್ತೈತಿ. ಮುಂದಿನ ಹೆಜ್ಜಿ ಸಿಗೂತನಕ ಅದಕ್ಕ ಸಮಾಧಾನ ಇಲ್ಲ."

"ಕದದ ಹಿಂದ ನಿಂತಾಕಿಗೂ ಇಲ್ರಿ," ಎಂದು ಅಧ್ಯಕ್ಷರ ಮೊಮ್ಮಗಳು ಮೆಲ್ಲಗೆ ಅಂದಳು.

ಅರ್ಥವನ್ನು ನಾನು ಹೇಳಲಿಲ್ಲ. ಛಂದಸ್ಸು ಹೇಳಿತು. ಅದಕ್ಕೆ ಯಾರೂ ಹುಕುಂ ಕೊಟ್ಟಿರಲಿಲ್ಲ.

ನಮ್ಮ ತರಗತಿಯ ಗೋಡೆಗೆ ಅಂಟಿಕೊಂಡು ಒಂದು ಕಲಾಯಿ ಅಂಗಡಿ ಇತ್ತು. ತಾಮ್ರದ ಕೊಡ, ಹಂಡೆಗಳ ತಗ್ಗು ಬಡಿದು ತೆಗೆದು ಕಲಾಯಿ ಹಾಕಿಕೊಡುವ ಮುದುಕನನ್ನು ಓಣಿಯವರೆಲ್ಲ ಚಾಚಾ ಅನ್ನುತ್ತಿದ್ದರು. ಗೋಡೆಯ ಮೇಲ್ಭಾಗದಲ್ಲಿ ಗಾಳಿಗೆಂದು ಬಿಟ್ಟ ಕಿಂಡಿಯಿಂದ ನಮ್ಮ ಪಾಠ ಅವನಿಗೆ, ಅವನ ಸುತ್ತಿಗೆ ನಮಗೆ. ಆ ದಿನಗಳಲ್ಲಿ ಒಂದು ಮಧ್ಯಾಹ್ನ ಸಾಲೆಯ ನೀರಿನ ಕೊಡ ಹೊತ್ತುಕೊಂಡು ಅವನೇ ಬಂದ. ಕೊಡ ಕೆಳಗಿಟ್ಟ, ಹೋಗಲಿಲ್ಲ.

"ಅಕ್ಕಾರ, ಒಂದ ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಆ ಹುಡಿಗಿ ಕದಾ ತೆರದ್ಲೊ ಇಲ್ಲೊ?"

"ಯಾವ ಹುಡಿಗಿ ಚಾಚಾ?"

"ತೆರಿಯಲೇಕೆ ಹೇಳು ಅಂದಾಕಿರಿ. ಅವತ್ತ ಮೂರು ಸಾಲು ಕೇಳಿಸ್ತು. ಆಮ್ಯಾಲೆ ಬರೇ ಟಪ ಟಪ. ಹಂಡೇದ ಮ್ಯಾಲೆ ಕೈ ಹತ್ತವಲ್ದು. ತಲೀ ತುಂಬ ಅಕೀದ ಚಿಂತಿ."

"ಮಾತು ಹೇಳಾಕ ನನಗ ಹುಕುಂ ಇಲ್ಲ ಚಾಚಾ. ಬೇಕಂದ್ರ ಬಡದು ತೋರಿಸ್ತೇನಿ."

ನಾನು ಕೊಡದ ಮೇಲೆ ನಾಲ್ಕನೆಯ ಸಾಲನ್ನು ಬಡಿದೆ. ಅವನು ಕಣ್ಣು ಮುಚ್ಚಿ ಕೇಳಿದ. ಇನ್ನೊಮ್ಮೆ ಅಂದ. ಇನ್ನೊಮ್ಮೆ ಬಡಿದೆ. ಆಮೇಲೆ ತಾನೇ ಬೆರಳಿಂದ ಕೊಡ ಬಡಿಯುತ್ತ, ಆ ಮಾತ್ರೆಗಳೊಳಗೆ ತನ್ನ ಮಾತು ಕೂಡಿಸಿ ಹೇಳಿದ:

ತೆರೆದರೇನು ತಪ್ಪು, ಒಳಗೆ ಅತ್ತೆ ಮಾವ ಇಲ್ಲ

ನಾನು ಎಣಿಸಿ ನೋಡಿದೆ. ಒಂದು ಮಾತ್ರೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. "ಗಣ ಎಲ್ಲಾ ಛಲೋ ಕೂತಾವ ಚಾಚಾ. ಆದ್ರ ಕಡೀಕ ಪ್ರಾಸ ತಪ್ಪೈತಿ. 'ಹೇಳು' ಅನ್ನೂದಕ್ಕ 'ಇಲ್ಲ' ಕೂಡೂದಿಲ್ಲ."

ಅವನು ಕೊಡದ ಮೇಲೆ ಕೈಯಿಟ್ಟು ವಿಚಾರ ಮಾಡಿದ. "ಪ್ರಾಸ ಹೋದ್ರ ಹೋಗ್ಲಿ ಬಿಡ್ರಿ. ಮನ್ಯಾಗ ಅತ್ತಿ ಇಲ್ಲ ಅನ್ನೂದು ಭಾಳ ದೊಡ್ಡ ಮಾತು."

ತುಟಿಯ ಅಕ್ಷರ

ಛಂದಸ್ಸಿನ ಬೆನ್ನಿಗೆ ಧ್ವನಿ. ಹುಕುಮಿನಲ್ಲಿ ಮಾತು ಬರೆಯಬಾರದೆಂದಿತ್ತು, ಅಕ್ಷರ ಬರೆಯಬಾರದೆಂದಿರಲಿಲ್ಲ. ನಾನು ಹಲಗೆಯ ಮೇಲೆ ದೊಡ್ಡದಾಗಿ ಒಂದೇ ಒಂದು 'ಳ' ಬರೆದೆ, ಪದ್ಯದ 'ಹೇಳು'ವಿನ ಳ.

"ಇದನ್ನ ಅನ್ನುವಾಗ ನಾಲಿಗಿ ಎಲ್ಲಿ ಹೋಗ್ತೈತಿ?"

ಎಲ್ಲರೂ ಅಂದು ನೋಡಿದರು. "ಹಿಂದಕ್ಕ ಮಡಚಿಕೋತೈತ್ರಿ."

"ಯಾಕಿರಬೇಕು?"

"ಹೇಳಬೇಕೋ ಬ್ಯಾಡೋ ಅಂತ ಅಳಕ್ತಿರಬೇಕ್ರಿ," ಎಂದಳು ಒಬ್ಬಳು. ವರ್ಷಗಟ್ಟಲೆ ಪದ್ಯ ಕಲಿಸಿದ ನನಗೆ ಅದು ಹೊಳೆದಿರಲಿಲ್ಲ.

ಆಮೇಲೆ 'ಬ' ಬರೆದೆ. ಬಾಗಿಲಿನ ಬ, ಬಡಿತದ ಬ. ಆ ಅಕ್ಷರ ಹುಟ್ಟಬೇಕಾದರೆ ಮೊದಲು ಎರಡೂ ತುಟಿ ಮುಚ್ಚಬೇಕು, ಆಮೇಲೆ ತೆರೆಯಬೇಕು, ಥೇಟ್ ಕದದ ಹಾಗೆ. ಇದನ್ನು ಅವರೇ ಕಂಡುಕೊಳ್ಳಲಿ ಎಂದು, "ಎದುರುಬದುರು ಕೂತು, ಒಬ್ಬರ ತುಟಿ ಒಬ್ಬರು ನೋಡ್ತಾ ಅನ್ರಿ," ಎಂದೆ. ತರಗತಿ ತುಂಬ ಬ ಬ ಬ. ಅದೇ ಹೊತ್ತಿಗೆ ಹಿರಿಯ ಅಕ್ಕೋರು ಒಳಗೆ ಬಂದರು. ಇಷ್ಟು ತುಟಿ ಒಟ್ಟಿಗೇ ಮುಚ್ಚಿ ತೆರೆಯುವುದನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ.

"ಏನ ನಡಸೀರಿ ಇದು?"

"ಧ್ವನಿವಿಚಾರರಿ. ಪ, ಫ, ಬ, ಭ, ಮ. ಇವು ತುಟಿಯಿಂದ ಹುಟ್ಟೂ ಅಕ್ಷರ."

ಹಿರಿಯ ಅಕ್ಕೋರು ಕೆಟ್ಟವರಲ್ಲ, ಅಂಜುಬುರುಕರು. ಅಧ್ಯಕ್ಷರ ಛತ್ರಿ ಕಣ್ಣ ಮುಂದೆ ಬಂದಿರಬೇಕು. ನನ್ನನ್ನು ಪಕ್ಕಕ್ಕೆ ಕರೆದು, "ಮಂಡಳಿ ಬಂದು ಹೋಗೂತನಕ ತುಟಿಯಿಂದ ಹುಟ್ಟೂ ಅಕ್ಷರ ಒಂದೂ ಬ್ಯಾಡ," ಎಂದರು.

"ಬ್ಯಾಡ ಅನ್ನಾಕೂ ತುಟಿ ಬೇಕಲ್ರಿ," ಎಂದೆ.

ಅವರು ಸುಮ್ಮನೆ ತುಟಿ ಮುಚ್ಚಿಕೊಂಡು ಹೊರಟುಹೋದರು.

ಕಸೂತಿ

ಹುಡುಗಿಯರು ಹಲಗೆಯ ಮೇಲಿನ ಗುರುತುಗಳನ್ನು ಪಾಟಿಯ ಮೇಲೆ ಇಳಿಸಿಕೊಂಡು ಮನೆಗೆ ಒಯ್ಯುತ್ತಿದ್ದರು. ಒಬ್ಬಳ ಅಜ್ಜಿ ಕಸೂತಿ ಹಾಕುವುದರಲ್ಲಿ ಊರಿಗೇ ಹೆಸರಾದವಳು. ಗೋಪುರ, ನವಿಲು, ತುಳಸೀಕಟ್ಟೆ ಹಾಕಿ ಹಾಕಿ ಬೇಸತ್ತಿದ್ದಳು. ಮೊಮ್ಮಗಳ ಪಾಟಿಯ ಮೇಲೆ ಗೀಟು, ಬಟ್ಟಲು, ಗೀಟು, ಬಟ್ಟಲು ಓಡುವುದನ್ನು ಕಂಡು ಸಾಲೆಯಲ್ಲಿ ಹೊಸ ಮಾದರಿ ಕಲಿಸುತ್ತಿದ್ದಾರೆಂದು ತಿಳಿದಳು. ಎಳೆ ಎಣಿಸಿ ಹಾಕುವ ಕಸೂತಿಗೆ ಮಾತ್ರೆ ಎಣಿಸಿ ಕಟ್ಟಿದ ಪದ್ಯ ಚೆನ್ನಾಗಿಯೇ ಒಗ್ಗಿತು. ಯಾರಾದರೂ ಕೇಳಿದರೆ, "ಇದು ಸಾಲೀ ಮಾದರಿ, ಹೊಸಾದು," ಎಂದು ಹೇಳಿ ಹಾಕಿಕೊಡತೊಡಗಿದಳು.

ನನಗೆ ಇದೊಂದೂ ಗೊತ್ತಿರಲಿಲ್ಲ. ಒಂದು ದಿನ ಹಿರಿಯ ಅಕ್ಕೋರು ಹೊಸ ಕುಪ್ಪಸ ತೊಟ್ಟು ಬಂದರು. ಅವರು ನನಗೆ ಬುದ್ಧಿವಾದ ಹೇಳುತ್ತಿದ್ದರು. ಹೆಣ್ಣುಮಕ್ಕಳ ಮನಸ್ಸು ಎಳೆಯದು, ಅವರ ಎದುರಿಗೆ ಆ ಪದ್ಯದ ನೆರಳೂ ಸುಳಿಯಬಾರದು, ಇತ್ಯಾದಿ. ನಾನು ತಲೆ ತಗ್ಗಿಸಿ ಕೇಳುತ್ತಿದ್ದೆ. ತಗ್ಗಿಸಿದ ಕಣ್ಣಿಗೆ ಅವರ ತೋಳಿನ ಅಂಚು ಬಿತ್ತು. ಬಟ್ಟಲು ಬಟ್ಟಲು ಬಟ್ಟಲು, ಗೀಟು ಬಟ್ಟಲು. ತೆರೆಯಲೇನು. ಮತ್ತೆ ಅದೇ. ಕದವ ನಾನು. ಪೂರಾ ಮೂರನೆಯ ಸಾಲು ಅವರ ತೋಳನ್ನು ಸುತ್ತಿ ಹೋಗಿತ್ತು.

"ಕಸೂತಿ ಛಲೋ ಐತ್ರಿ," ಎಂದೆ.

"ಹೌದಲ್ಲ? ಕಣ್ಣಿಗೆ ತಂಪಾಗೈತಿ. ಎಷ್ಟು ಮರ್ಯಾದಿ ಮಾದರಿ ನೋಡ್ರಿ," ಎಂದು ತೋಳು ಸವರಿಕೊಂಡರು.

ಒಂದೇ ಒಂದು ಕಡೆ ಬಟ್ಟಲಿರಬೇಕಾದಲ್ಲಿ ಗೀಟು ಬಿದ್ದು ಗಣ ಕೆಟ್ಟಿತ್ತು. ಎರಡು ವರ್ಷ ಅವರು ಆ ಕುಪ್ಪಸ ತೊಟ್ಟರು, ಎರಡು ವರ್ಷ ಆ ತಪ್ಪು ನೋಡುತ್ತ ನಾನು ಹಲ್ಲು ಕಚ್ಚಿಕೊಂಡಿದ್ದೆ.

ಸಾಕ್ಷಿ

ಮಂಡಳಿ ಬರುವ ದಿನ ಬಂತು. ಅವತ್ತು ಬೆಳಿಗ್ಗೆ ನಾನು ಮನೆ ಬಿಡುವಾಗ ಅಣ್ಣ, "ಇವತ್ತ ಏನಾಗ್ತೈತಿ ನೋಡಿ ಅವರಿಗೆ ತಿಳಸ್ತೇನಿ," ಎಂದಿದ್ದ. ಅವರು ಎಂದರೆ ಆ ವರನ ಕಡೆಯವರು. ಆಗಲೆಂದು ಹೇಳಿ ಬಂದಿದ್ದೆ.

ಅಧ್ಯಕ್ಷರ ಜೊತೆಗೆ ಧಾರವಾಡದಿಂದ ಮಂಡಳಿಯ ಸದಸ್ಯರಾದ ವಕೀಲರೊಬ್ಬರು ಬಂದಿದ್ದರು. ಮೆತ್ತಗಿನ ಮಾತು, ಆದರೆ ಕೋರ್ಟಿನ ಚಟ. ಎದುರಿಗೆ ಕೂತವರೆಲ್ಲ ಅವರಿಗೆ ಸಾಕ್ಷಿಯೇ. ಅಧ್ಯಕ್ಷರು ಒಬ್ಬೊಬ್ಬರಾಗಿ ಹುಡುಗಿಯರನ್ನು ಎಬ್ಬಿಸಿ, "ಪದ್ಯದ ಅರ್ಥ ಏನವಾ?" ಎಂದು ಕೇಳಿದರು.

"ಗೊತ್ತಿಲ್ರಿ. ಛಂದಸ್ಸು ಅಷ್ಟ ಗೊತ್ತರಿ."

ಎಲ್ಲರದ್ದೂ ಅದೇ ಉತ್ತರ. ಅಧ್ಯಕ್ಷರ ಮುಖ ಅರಳಿತು. "ನೋಡ್ರಿ ವಕೀಲ್ರ, ಮಕ್ಕಳು ಎಷ್ಟು ಶುದ್ಧ ಅದಾವು. ಅರ್ಥ ಯಾರೂ ಹೇಳಲಿಲ್ಲ ಖರೆ, ಆದ್ರೂ ಆ ಪುಟಾ ಇರೂದ ಬ್ಯಾಡ, ಹರದು ಒಗದ್ರ ಆತು. ಈ ಅಕ್ಕಾರ ವಿಚಾರನೂ ಇವತ್ತ ಮುಗಿಸೂಣು."

"ತಡೀರಿ," ಎಂದರು ವಕೀಲರು. "ಪದ್ಯದಾಗ ಏನದ ಅಂತ ತಿಳೀದ ನಾ ಹೆಂಗ ಒಪ್ಪಲಿ? ಪುಸ್ತಕ ಕೊಡ್ರಿ."

ಪುಸ್ತಕ ಕೊಟ್ಟೆವು. ಯಾವುದನ್ನು ತೆರೆದರೂ ಬಿಳಿ ಕಾಗದ. ವಕೀಲರು ನನ್ನ ಕಡೆ ತಿರುಗಿದರು. "ನೀವರೆ ಹೇಳ್ರಿ."

"ನನಗ ಹುಕುಂ ಇಲ್ರಿ. ಹುಕುಂ ಕೊಟ್ಟವ್ರು ಬಾಜೂಕ ಕೂತಾರ, ಅವ್ರನ್ನ ಕೇಳ್ರಿ."

ಅಧ್ಯಕ್ಷರು ಮೊದಲು ಒಲ್ಲೆ ಅಂದರು. ಅದು ಬಾಯಲ್ಲಿ ತರುವಂಥದ್ದಲ್ಲ ಅಂದರು. ವಕೀಲರು ಬಿಡಲಿಲ್ಲ. ಕೊನೆಗೆ, ಎಷ್ಟು ಕೆಟ್ಟದ್ದು ಎಂದು ತೋರಿಸಲಿಕ್ಕಾಗಿ ಮಾತ್ರ ಅನ್ನುತ್ತೇನೆಂದು ಎಚ್ಚರಿಸಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದರು. "ನಿನ್ನ ಹೆಜ್ಜೆ" ಅನ್ನುವಾಗ ಸಿಟ್ಟು ಇತ್ತು. "ಬಾಗಿಲಾಚೆ" ಅನ್ನುವಾಗ ಛತ್ರಿಯ ತುದಿ ನೆಲ ಬಡಿಯತೊಡಗಿತು. ಎರಡನೆಯ ಸಾಲಿಗೆ ಹುಡುಗಿಯರ ಬೆರಳು ತಾವಾಗಿ ಬೆಂಚು ಮುಟ್ಟಿದವು. "ತೆರೆಯಲೇನು ಕದವ ನಾನು" ಎಂಬಲ್ಲಿ ಅವರ ದನಿ ಹೇಗೆ ಮೆತ್ತಗಾಯಿತೆಂದರೆ, ವಕೀಲರು ಕನ್ನಡಕ ತೆಗೆದು ನೋಡಿದರು. "ತೆರೆಯಲೇಕೆ ಹೇಳು" ಎಂದು ಅಧ್ಯಕ್ಷರು ಉಸಿರು ತೆಗೆದುಕೊಳ್ಳಲು ನಿಂತರು.

ಗೋಡೆಯ ಕಿಂಡಿಯಿಂದ ಚಾಚಾನ ದನಿ ಬಂತು:

"ತೆರೆದರೇನು ತಪ್ಪು, ಒಳಗೆ ಅತ್ತೆ ಮಾವ ಇಲ್ಲ."

ಅಧ್ಯಕ್ಷರು ಎದ್ದೇ ನಿಂತರು. "ಏ ಚಾಚಾ, ಹಂಗಲ್ಲದು. ಪದ್ಯ ಕೆಡಸ್ಬ್ಯಾಡ. 'ತೆರೆದ ಮೇಲೆ ಮುಚ್ಚಲಾರೆ, ಅದಕೆ ತಾಳು ತಾಳು.' ಹಿಂಗೈತಿ ಅದು."

ಗೋಡೆಯಾಚೆಯಿಂದ, "ಹಂಗೇನು, ತೆರಿಲಿಲ್ಲಾ," ಎಂದು ಚಾಚಾ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು.

ವಕೀಲರು ಕನ್ನಡಕ ಮತ್ತೆ ಹಾಕಿಕೊಂಡರು. "ಪುಸ್ತಕಕ್ಕ ಕಾಗದ ಹಚ್ಚೀರಿ. ಅಕ್ಕಾರು ಬಾಯಿ ಬಿಟ್ಟಿಲ್ಲ. ಹುಡಿಗ್ಯಾರಿಗೆ ಗೊತ್ತಿಲ್ಲ. ನಿಮಗ ನಾಲ್ಕೂ ಸಾಲು ಹೆಂಗ ಬಾಯಿಪಾಠ ಆದೂವು?"

ಅಧ್ಯಕ್ಷರು ಮೊಮ್ಮಗಳ ಕಡೆ ನೋಡಿದರು. ಅವಳು ಮಾಳಿಗೆಯ ತೊಲೆ ನೋಡುತ್ತಿದ್ದಳು.

"ಅದು... ನಮ್ಮ ಮನಿಯಾಕಿರಿ," ಎಂದರು.

"ಬಿಡಿಸಿ ಹೇಳ್ರಿ."

"ದಿನಾ ಮುಂಜಾನೆ ಗುಡಿಗೆ ಹೋಗಿ ಬಂದು ಕದಾ ಬಡೀತೇನ್ರಿ. ಇಷ್ಟು ವರ್ಷ ಬಡದ ಕೂಡ್ಲೆ ತೆರೀತಿದ್ಲು. ಈಗ ಒಳಗಿಂದ 'ತಾಳು ತಾಳು' ಅಂತಾಳ. ನಾ ಹೊರಗ ನಿಂತು ನಾಲ್ಕೂ ಸಾಲು ಅಂದ್ರ ಕದಾ ತೆರೀತಾಳ. ಒಂದ ಮಾತ್ರಿ ತಪ್ಪಿದ್ರ ಮತ್ತ ಮೊದಲಿಂದ."

"ಮಾತ್ರಿ ತಪ್ಪಿದ್ದು ಅವರಿಗೆ ಹೆಂಗ ತಿಳೀತದ?"

"ಒಳಗ ಮೊಮ್ಮಗಳು ಎಣಸ್ತಾಳ್ರಿ."

ಮೊದಲು ನಕ್ಕವರು ಹಿರಿಯ ಅಕ್ಕೋರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ, ತೋಳಿನ ಮೇಲಿನ ಮೂರನೆಯ ಸಾಲೂ ಕುಲುಕುತ್ತಿತ್ತು. ವಕೀಲರು ನಗು ತಡೆದುಕೊಂಡು ತೀರ್ಪು ಕೊಟ್ಟರು. ಅಧ್ಯಕ್ಷರ ಮನೆಯಲ್ಲೇ ನಡೆಯುವ ಪದ್ಯ ಸಾಲೆಯಲ್ಲಿ ನಡೆಯಬಾರದೆಂದರೆ ಆಗದು. ಕಾಗದ ತೆಗೆಯಬೇಕು, ಅಕ್ಕಾರು ಇರಬೇಕು, ಅರ್ಥವನ್ನೂ ಹೇಳಬೇಕು.

ಹುಡುಗಿಯರು ಪುಟದ ಮೇಲೆ ನೀರು ಸವರಿ ಕಾಗದ ಬಿಡಿಸಿದರು. ನಾನು ಹಲಗೆಯ ಮೇಲೆ ನಾಲ್ಕೂ ಸಾಲು ಬರೆದೆ, ಗಟ್ಟಿಯಾಗಿ ಓದಿದೆ, ಗೋಡೆಯಾಚೆಗೂ ಕೇಳುವಷ್ಟು ಗಟ್ಟಿಯಾಗಿ. "ತೆರೆದ ಮ್ಯಾಲೆ ಮುಚ್ಚಲಾರಾಕಿ, ತೆರಿಯೂ ಮೊದಲ ತನ್ನ ಮನಸ್ಸನ್ನ ಕೇಳ್ಕೋತಾಳ. ಅಷ್ಟ ಇದರ ಅರ್ಥ," ಎಂದೆ. ಸಂಜೆ ಅಣ್ಣನಿಗೂ ಅದನ್ನೇ ಹೇಳಬೇಕೆಂದು ನಿಶ್ಚಯಿಸಿದೆ, ಹೇಳಿದೆ ಕೂಡ. ವರನ ಕಡೆಯವರು ಬೇರೆ ಕದ ಬಡಿದರು.

ಸಾಲೆ ಬಿಡುವ ಹೊತ್ತಿಗೆ ಮಳೆ ಜೋರಾಗಿ ಹಿಡಿದಿತ್ತು. ವಕೀಲರು ಟಾಂಗಾ ಹತ್ತಿ ಸ್ಟೇಶನ್ನಿಗೆ ಹೋದರು. ಅಧ್ಯಕ್ಷರು ಮಾತ್ರ ಮುಂಬಾಗಿಲಲ್ಲಿ ನಿಂತೇ ಇದ್ದರು. ನಾನು ಹತ್ತಿರ ಬಂದಾಗ ಆಚೀಚೆ ನೋಡಿ, ದನಿ ತಗ್ಗಿಸಿದರು.

"ಅಕ್ಕಾರ, ಒಂದ ಮಾತು. ಹುಡಿಗ್ಯಾರಿಗೆ ಒಂದು ಸಣ್ಣ ಪದ್ಯ ಕಲಸ್ರಿ. ಎರಡ ಸಾಲಿಂದು. ಮಳಿಗಾಲ ಐತಿ. ನಾಲ್ಕು ಸಾಲು ಮುಗಿಸಿ ಒಳಗ ಹೋಗೂದ್ರಾಗ ಪೂರಾ ತೋಯ್ತೇನಿ."

"ಸಣ್ಣವು ಇಲ್ರಿ," ಎಂದೆ. "ಮುಂದಿನ ಪದ್ಯ ಹದಿನಾರು ಸಾಲಿಂದೈತಿ. ಛತ್ರಿ ಬಿಚ್ಚಿ ಹಿಡ್ಕೊಂಡು ನಿಂದರ್ರಿ."